ನಮ್ಮನ್ನೇ ಅಖಾಡದೊಳಗೆ ಕೂರಿಸುವ ಸಿಂಫನಿ

ನಮಸ್ಕಾರ. ಇವತ್ತು ಮಾತಾಡುವ ಸಿಂಫನಿ ಮುಗಿಯುವುದು ಬಂದೂಕಿನ ಸದ್ದಿನಿಂದ. ಸಭಾಂಗಣದಲ್ಲೇ ನಿಜವಾದ ಶಾಟ್‌ಗನ್ ತಂದು, ಗುಂಡಿಲ್ಲದ ತೋಟಾ ಹಾಕಿ ಹಾರಿಸುತ್ತಾರೆ. ಇದು ಬರೀ ಗಿಮಿಕ್ ಅಂತ ಅನಿಸುವುದು ಸಹಜ. ನಾನು ಒಪ್ಪುವುದಿಲ್ಲ.

ಕೃತಿಯ ಹೆಸರು 'ಸರ್ಕಸ್ ಮ್ಯಾಕ್ಸಿಮಸ್'. ಅಮೆರಿಕದ ಜಾನ್ ಕೊರಿಲ್ಯಾನೊ ಅವರ ಮೂರನೇ ಸಿಂಫನಿ. 'ದಿ ರೆಡ್ ವಯೊಲಿನ್' ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದವರು ಇವರೇ. ತಂತಿವಾದ್ಯಗಳಿಗೆಂದೇ ಬರೆದ ಎರಡನೇ ಸಿಂಫನಿಗೆ 2001ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮೂರನೆಯದರಲ್ಲಿ ಒಂದೇ ಒಂದು ವಯೊಲಿನ್ ಇಲ್ಲ. ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಹಾರ್ನ್, ಜೊತೆಗೆ ಡ್ರಮ್ಮುಗಳು. ದೊಡ್ಡ ವಿಂಡ್ ಎನ್ಸೆಂಬಲ್, ಅಂದರೆ ಊದುವ ವಾದ್ಯ, ತಾಳವಾದ್ಯಗಳ ತಂಡ.

ಬರೆಸಿದ್ದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ. 2005ರ ಫೆಬ್ರವರಿ 16ರಂದು ಮೊದಲು ನುಡಿಸಿದ್ದು ಅಲ್ಲಿನ ವಿಂಡ್ ಎನ್ಸೆಂಬಲ್, ಕಂಡಕ್ಟರ್ ಜೆರಿ ಜಂಕಿನ್. ಅದೇ ತಿಂಗಳು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ನುಡಿಸಿದರು. ಇಂಥ ಕೃತಿಗೆ ವಿಶ್ವವಿದ್ಯಾಲಯದ ತಂಡವೇ ಸರಿ ಅಂತ ನನಗನಿಸುತ್ತದೆ. ವೃತ್ತಿಪರ ಆರ್ಕೆಸ್ಟ್ರಾದಲ್ಲಿ ಹೊಸ ಕೃತಿಗೆ ಸಿಗುವುದು ಕೆಲವೇ ರಿಹರ್ಸಲ್. ವಿದ್ಯಾರ್ಥಿಗಳು ವಾರಗಟ್ಟಲೆ ಕೂತು ಕಲಿಯುತ್ತಾರೆ.

ಈಗ ವಾದ್ಯಗಳು ಎಲ್ಲಿರುತ್ತವೆ ನೋಡಿ. ವೇದಿಕೆ ಮೇಲೆ ಒಂದು ದೊಡ್ಡ ತಂಡ. ಸಭಾಂಗಣದ ಸುತ್ತ, ಮೇಲಿನ ಬಾಲ್ಕನಿಗಳಲ್ಲಿ ಟ್ರಂಪೆಟ್‌ಗಳು, ಸ್ಯಾಕ್ಸೊಫೋನ್‌ಗಳು, ತಾಳವಾದ್ಯಗಳು. ಪ್ರಾಚೀನ ರೋಮ್‌ನ ಸರ್ಕಸ್ ಮ್ಯಾಕ್ಸಿಮಸ್ ರಥಗಳ ಓಟದ ಮೈದಾನ. ಅಲ್ಲಿ ಜನ ಸುತ್ತ ಕೂರುತ್ತಿದ್ದರು, ಆಟ ಮಧ್ಯೆ ನಡೆಯುತ್ತಿತ್ತು. ಇಲ್ಲಿ ಉಲ್ಟಾ. ಸದ್ದು ಸುತ್ತ, ನಾವು ಮಧ್ಯೆ. ಅಖಾಡದಲ್ಲಿ ಸಿಕ್ಕಿಹಾಕಿಕೊಂಡವರು ನಾವೇ!

ಕೃತಿಯಲ್ಲಿ ಎಂಟು ಭಾಗ. ಮೂರನೇ ಭಾಗದ ಹೆಸರು 'ಚಾನೆಲ್ ಸರ್ಫಿಂಗ್'. ಒಂದು ಸಂಗೀತ ಕಿವಿಗೆ ಹತ್ತುವಷ್ಟರಲ್ಲಿ ಇನ್ನೊಂದು ಬಂದು ಅದನ್ನು ಕತ್ತರಿಸುತ್ತದೆ. ಆಗ ಕೈಯಲ್ಲಿದ್ದದ್ದು ಟಿವಿ ರಿಮೋಟ್. ರೀಲ್ಸ್ ಇರಲಿಲ್ಲ. ಯೂಟ್ಯೂಬ್‌ನ ಹೆಸರು ನೋಂದಣಿಯಾದದ್ದೇ ಆಸ್ಟಿನ್ ಪ್ರದರ್ಶನಕ್ಕೆ ಎರಡು ದಿನ ಮುಂಚೆ. ಇವತ್ತು ಈ ಭಾಗ ಕೇಳಿದರೆ ನಮ್ಮ ಬೆರಳಿನ ಚಾಳಿಯೇ ಕೇಳಿಸುತ್ತದೆ, ಅಲ್ವಾ?

ಆಮೇಲೆ ಕಾಡಿನ ರಾತ್ರಿ, ನಗರದ ರಾತ್ರಿ. ಆರನೇ ಭಾಗದಲ್ಲಿ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಜನರ ನಡುವಿನ ಹಾದಿಯಲ್ಲಿ ಒಂದು ಮಾರ್ಚಿಂಗ್ ಬ್ಯಾಂಡ್ ನುಡಿಸುತ್ತಾ ಬರುತ್ತದೆ. ವೇದಿಕೆಯದು ಒಂದು ಸಂಗೀತ, ಬಾಲ್ಕನಿಯದು ಇನ್ನೊಂದು. ಯಾವುದನ್ನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಮನರಂಜನೆಯ ಅಬ್ಬರವನ್ನು ಟೀಕಿಸುವ ಕೃತಿ ಇದು. ಅಬ್ಬರವನ್ನು ಟೀಕಿಸಲು ಇಷ್ಟು ಅಬ್ಬರ ಯಾಕೆ? ಜನ ಬರುವುದೂ ಅದನ್ನು ನೋಡಲೇ ತಾನೇ? ಪ್ರಶ್ನೆ ನ್ಯಾಯವಾದದ್ದೇ. ಕೃತಿ ಆರನೇ ಭಾಗಕ್ಕೇ ನಿಂತಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಏಳನೆಯದು 'ಪ್ರೇಯರ್', ಅಂದರೆ ಪ್ರಾರ್ಥನೆ. ಉದ್ದನೆಯ, ಶಾಂತವಾದ ಒಂದು ಧಾಟಿ. ಅದರ ಕೆಳಗೆ ಚರ್ಚಿನಲ್ಲಿ 'ಆಮೆನ್' ಹಾಡುವಾಗ ಬರುವಂಥ ಸ್ವರಮೇಳ. ಅದು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಸರಿಯುತ್ತಾ ಎಲ್ಲಾ ಶ್ರುತಿಗಳನ್ನೂ ಸುತ್ತುತ್ತದೆ. ಧಾಟಿ ಮೇಲೇರಿದಂತೆ ಆ ಸ್ವರಮೇಳಗಳು ಒಂದರ ಮೇಲೊಂದು ಬೀಳಲು ಶುರುವಾಗುತ್ತವೆ. ನನಗೆ ಇಡೀ ಕೃತಿಯಲ್ಲಿ ಅತಿ ಇಷ್ಟವಾದ ಜಾಗ ಇದು. ಇಷ್ಟು ಹೊತ್ತು ನೂಕುನುಗ್ಗಲಿನಲ್ಲಿದ್ದ ಕಿವಿಗೆ ಉಸಿರಾಡಲು ಜಾಗ ಸಿಕ್ಕಂತಾಗುತ್ತದೆ.

ಇಲ್ಲೇ ಮುಗಿಸಿದ್ದರೆ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಕೊರಿಲ್ಯಾನೊ ಮುಗಿಸುವುದಿಲ್ಲ. ಎಂಟನೇ ಭಾಗದಲ್ಲಿ ಕೃತಿಯ ಶುರುವಿನ ಸಂಗೀತ ಕೇಳಿಯೂ ಕೇಳದ ಹಾಗೆ ಒಳಗೆ ನುಸುಳುತ್ತದೆ. ಬೆಳೆಯುತ್ತದೆ. ಪ್ರಾರ್ಥನೆಯನ್ನು ನುಂಗಿಹಾಕುತ್ತದೆ. ಆಮೇಲೆ ಬಂದೂಕು. ಅಬ್ಬರ ಗೆಲ್ಲುವುದನ್ನು ಸಿಹಿ ಸವರದೆ ತೋರಿಸಿದ್ದಕ್ಕೇ ಈ ಕೃತಿ ನನಗೆ ಪ್ರಾಮಾಣಿಕ ಅನಿಸುವುದು.

ಟೆಕ್ಸಸ್ ತಂಡದ ರೆಕಾರ್ಡಿಂಗ್ ನ್ಯಾಕ್ಸೋಸ್ ಅನ್ನುವ ರೆಕಾರ್ಡ್ ಕಂಪನಿಯ ಹೆಸರಿನಲ್ಲಿ ಸಿಗುತ್ತದೆ. ಸುಮಾರು 35 ನಿಮಿಷ, ಎಂಟೂ ಭಾಗ ನಡುವೆ ನಿಲ್ಲದೆ ಸಾಗುತ್ತವೆ. ಸುತ್ತಲಿಂದ ಬರುವ ಸದ್ದು ಇಯರ್‌ಫೋನಿನಲ್ಲಿ ಅರ್ಧಕ್ಕರ್ಧ ಹೋಗಿಬಿಡುತ್ತದೆ, ನಿಜ. ಆದರೂ ಕೇಳಿ. 'ಪ್ರೇಯರ್' ಚೆನ್ನಾಗಿದೆಯಂತೆ ಅಂತ ಅದೊಂದನ್ನೇ ಆರಿಸಿ ಮಾತ್ರ ಕೇಳಬೇಡಿ. ಆರನೇ ಭಾಗ ತಲೆ ಕೆಡಿಸಿದ ಮೇಲೆಯೇ ಅದು ಬರಬೇಕು.