ಫೈರ್ ಟ್ಯಾಂಕರ್ ಯಾಕೆ ಪಲ್ಟಿಯಾಗುತ್ತದೆ? ಅರ್ಧ ಟ್ಯಾಂಕ್ ನೀರಿನ ಕಥೆ

(ದೃಶ್ಯ: ಅಮೆರಿಕದ ಹಳ್ಳಿ ರಸ್ತೆ. ತಿರುವಿನಲ್ಲಿ ಸೈರನ್ ಹಾಕಿಕೊಂಡು ಬರುವ ಟ್ಯಾಂಕರ್)

ನಮಸ್ಕಾರ. ಫೈರ್‌ಮ್ಯಾನ್ ಪ್ರಾಣಕ್ಕೆ ಕುತ್ತು ಅಂದರೆ ಬೆಂಕಿ, ಹೊಗೆ ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ಅಮೆರಿಕದಲ್ಲಿ ಕೆಲಸದ ಮೇಲಿದ್ದಾಗ ಸತ್ತ ಫೈರ್‌ಮ್ಯಾನ್‌ಗಳ ಲೆಕ್ಕ ನೋಡಿ. ಹೃದಯಾಘಾತ ಬಿಟ್ಟರೆ ಎಷ್ಟೋ ವರ್ಷ ಎರಡನೇ ಜಾಗದಲ್ಲಿದ್ದದ್ದು ವಾಹನ ಅಪಘಾತ. ಅದರಲ್ಲೂ ನೀರಿನ ಟ್ಯಾಂಕರ್‌ಗಳದ್ದು ಎಷ್ಟು ಕೆಟ್ಟ ಹೆಸರು ಅಂದರೆ, 2003ರಲ್ಲಿ ಅಲ್ಲಿನ ಸರ್ಕಾರಿ ಅಗ್ನಿಶಾಮಕ ಸಂಸ್ಥೆ ಅವುಗಳ ಮೇಲೆಯೇ ಒಂದು ವರದಿ ತಂದಿತು.

(ದೃಶ್ಯ: ಟೇಬಲ್ ಮೇಲೆ 20 ಲೀಟರ್ ಕ್ಯಾನ್, ಅರ್ಧ ನೀರು)

ಇದನ್ನು ಜೋರಾಗಿ ತಳ್ಳಿ, ತಟ್ಟನೆ ಹಿಡಿಯುತ್ತೇನೆ. ನೋಡಿ! ಕ್ಯಾನ್ ನಿಂತಿತು, ನೀರು ನಿಲ್ಲಲಿಲ್ಲ. ಕ್ಯಾನಿನ ಮುಂದಿನ ಗೋಡೆಗೆ ಬಡಿದು ಕ್ಯಾನನ್ನೇ ಮುಂದಕ್ಕೆ ತಳ್ಳಿತು. ಇಲ್ಲಿರುವುದು 10 ಕೆಜಿ. 4,500 ಲೀಟರಿನ ಟ್ಯಾಂಕ್ ಅರ್ಧ ತುಂಬಿದ್ದರೆ ಎರಡು ಟನ್‌ಗೂ ಜಾಸ್ತಿ. ತಿರುವಿನಲ್ಲಿ ಅಷ್ಟೂ ಒಂದೇ ಪಕ್ಕಕ್ಕೆ ವಾಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಓಡಾಡಲು ಜಾಗವಿಲ್ಲ, ಹಾಗಾಗಿ ಈ ಕಾಟ ಕಡಿಮೆ. ಅರ್ಧ ಟ್ಯಾಂಕಿನ ನೀರು ಹೀಗೆ ಒಟ್ಟಿಗೆ ನುಗ್ಗದಿರಲಿ ಅಂತಲೇ ಟ್ಯಾಂಕ್ ಒಳಗೆ ಅಡ್ಡ ತಗಡುಗಳನ್ನು ಕೂರಿಸಿರುತ್ತಾರೆ. ಹಳೇ ಹಾಲಿನ ಲಾರಿಯನ್ನೋ ಡೀಸೆಲ್ ಲಾರಿಯನ್ನೋ ಮಾರ್ಪಾಡು ಮಾಡಿದ ಟ್ಯಾಂಕರ್ ಆದರೆ, ತಗಡು ಇದೆಯಾ ಅಂತ ಮೊದಲು ನೋಡಬೇಕು.

ಇನ್ನೊಂದು ಮಾಮೂಲಿ ಅಪಘಾತ: ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತದೆ. ಡ್ರೈವರ್ ಗಾಬರಿಯಾಗಿ ಸ್ಟೇರಿಂಗ್ ಎಳೆಯುತ್ತಾನೆ. ಗಾಡಿ ರಸ್ತೆಗೆ ಹಾರಿ ಮಗುಚುತ್ತದೆ. ಎಳೆಯಬಾರದು. ಆಕ್ಸಿಲರೇಟರ್ ಬಿಟ್ಟು, ವೇಗ ಇಳಿದ ಮೇಲೆ ಮೆಲ್ಲಗೆ ಹತ್ತಿಸಬೇಕು. ಹೇಳುವುದು ಸುಲಭ, ಸೈರನ್ ಕೂಗುತ್ತಿರುವಾಗ ಕಷ್ಟ. ಅದಕ್ಕೇ ಖಾಲಿ ಮೈದಾನದಲ್ಲಿ ಅಭ್ಯಾಸ ಬೇಕು.

(ದೃಶ್ಯ: ಕೆಂಪು ಸೀಟ್ ಬೆಲ್ಟ್, ಹತ್ತಿರದಿಂದ)

2005, ಟೆಕ್ಸಸ್‌ನ ಅಮರಿಲ್ಲೊ. ಬೆಂಕಿಯ ಕರೆಗೆ ಹೊರಟ ಗಾಡಿಯ ಬಾಗಿಲು ತೆರೆದುಕೊಂಡು ಒಬ್ಬ ಫೈರ್‌ಮ್ಯಾನ್ ಹೊರಗೆ ಬಿದ್ದು ತೀರಿಕೊಂಡರು. ಬೆಲ್ಟ್ ಹಾಕಿರಲಿಲ್ಲ. ಆಮೇಲೆ ದೇಶದ ತುಂಬ ಸೀಟ್ ಬೆಲ್ಟ್ ಪ್ರತಿಜ್ಞೆಯ ಅಭಿಯಾನ ನಡೆಯಿತು. ಆದರೆ ಪ್ರತಿಜ್ಞೆ ಒಂದೇ ಸಾಲದು. ದಪ್ಪ ಕೋಟಿನ ಮೇಲೆ ಬೆಲ್ಟ್ ಸುತ್ತಿ ಬರದಿದ್ದರೆ ಯಾರು ತಾನೇ ಹಾಕುತ್ತಾರೆ? ಹೊಸ ಗಾಡಿಗಳಲ್ಲಿ ಬೆಲ್ಟ್ ಉದ್ದ ಮಾಡಿದರು, ಕೆಂಪು ಇಲ್ಲವೇ ಕಿತ್ತಳೆ ಬಣ್ಣ ಕೊಟ್ಟರು. ಯಾರು ಹಾಕಿಲ್ಲ ಅಂತ ಮುಂದೆ ಕೂತ ಅಧಿಕಾರಿಗೆ ಗೊತ್ತಾಗಬೇಕಲ್ಲ! ನನ್ನ ಕೇಳಿದರೆ, ಹತ್ತು ಭಾಷಣಕ್ಕಿಂತ ಇದೇ ವಾಸಿ.

ಸಿಗ್ನಲ್ ಕೆಂಪಿದ್ದರೆ ಫೈರ್ ಇಂಜಿನ್ ಕೂಡ ಪೂರ್ತಿ ನಿಂತು, ನೋಡಿಕೊಂಡೇ ದಾಟಬೇಕು. ಗಾಜು ಏರಿಸಿ ಹಾಡು ಹಾಕಿಕೊಂಡವರಿಗೆ ಸೈರನ್ ಕೇಳುವುದಿಲ್ಲ.

ನಮ್ಮಲ್ಲಿ? 2019ರ ತಿದ್ದುಪಡಿ ಬಂದ ಮೇಲೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೈರನ್ ಕೇಳಿದರೆ ಸಡನ್ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ. ಗಾಡಿ ಹೋಯಿತು ಅಂತ ತಕ್ಷಣ ನುಗ್ಗಬೇಡಿ, ಹಿಂದೆ ಇನ್ನೊಂದು ಬರುತ್ತಿರಬಹುದು.