ಔಷಧಿ ಹೊಡೆಯುವ ಮೊದಲು ಎಲೆ ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ.

ಹೂವಿನ ಗಿಡ ಬೆಳೆಸುವವರು ಜಾಸ್ತಿ ಕೇಳುವ ಪ್ರಶ್ನೆ ಒಂದೇ: ‘ಎಲೆಯೆಲ್ಲ ತೂತಾಗಿದೆ, ಏನು ಹೊಡೀಬೇಕು?’ ನಾನು ತಿರುಗಿ ಕೇಳುವುದೂ ಒಂದೇ. ತಿಂದದ್ದು ಯಾರು ಅಂತ ನೋಡಿದಿರಾ?

ನಂದಿಬಟ್ಟಲನ್ನೇ ತಗೊಳ್ಳಿ. ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಹೂ ಕೊಡುವ ಗಿಡ. ಒಂದು ದಿನ ಬೆಳಿಗ್ಗೆ ನೋಡಿದರೆ ತುದಿಯ ಎಲೆಗಳೇ ಇರುವುದಿಲ್ಲ. ಆಗ ಮೊದಲು ನೆಲ ನೋಡಿ. ಮೆಣಸಿನ ಕಾಳಿನಂಥ ಹಿಕ್ಕೆ ಬಿದ್ದಿರುತ್ತದೆ. ಅದರ ನೇರಕ್ಕೆ ಮೇಲೆ ಹುಡುಕಿದರೆ ಬೆರಳುದ್ದದ ಹಸಿರು ಹುಳು ಸಿಗುತ್ತದೆ. ತಲೆಯ ಹತ್ತಿರ ಎರಡು ನೀಲಿ ಕಣ್ಣು, ಬಾಲದಲ್ಲಿ ಒಂದು ಕೊಂಬು. ಆ ಕಣ್ಣುಗಳು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸಲು ಇರುವ ಮಚ್ಚೆಗಳು. ಕಣಗಿಲೆ, ನಿತ್ಯಪುಷ್ಪಗಳ ಎಲೆಯನ್ನೂ ಇದು ತಿನ್ನುತ್ತದೆ. ಕೋಶ ಕಟ್ಟುವ ಹೊತ್ತಿಗೆ ಮೈ ಕಂದಾಗಿ, ಕೆಳಗಿಳಿದು ತರಗೆಲೆಯೊಳಗೆ ಸೇರಿಕೊಳ್ಳುತ್ತದೆ. ಮುಂದೆ ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ದೊಡ್ಡ ಹಸಿರು ಪತಂಗ ಇದೇ. ಇಷ್ಟು ಚೆಂದದ ಜೀವಿಯನ್ನು ನೋಡಲು ನಾವು ಕಾಡಿಗೇ ಹೋಗಬೇಕಾಗಿಲ್ಲ, ಅಲ್ವಾ? ಬೆಳೆದ ನಂದಿಬಟ್ಟಲು ಮತ್ತೆ ಚಿಗುರುತ್ತದೆ, ಹೆದರಬೇಡಿ. ಗಿಡದ ಬುಡದ ತರಗೆಲೆಯನ್ನು ಮಾತ್ರ ಗುಡಿಸಿ ಸುಡಬೇಡಿ. ಬೇಸಿಗೆಯಲ್ಲಿ ಬೇರಿಗೆ ತಂಪು ಕೊಡುವುದೂ ಅದೇ.

ಇನ್ನು ದಾಸವಾಳ. ಇದರ ಹೂ ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಹಳೆಯ ಕೊಂಬೆಗಳನ್ನು ಸವರಬೇಕು. ಕತ್ತರಿ ಹಾಕುವ ಮುಂಚೆ ಒಳಗೆ ಗೂಡಿದೆಯಾ ನೋಡಿಕೊಳ್ಳಿ. ದಾಸವಾಳದ ದೊಡ್ಡ ಕಾಟ ಅಂದರೆ ಬಿಳಿ ಹಿಟ್ಟು ತಿಗಣೆ. ಇರುವೆಗಳು ಕೊಂಬೆ ಹತ್ತಿ ಇಳಿಯುತ್ತಿದ್ದರೆ ತಿಗಣೆ ಇದೆ ಅಂತಲೇ ಅನುಮಾನಪಡಿ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಜೋರಾಗಿ ನೀರು ಹಾಯಿಸಿ ತೊಳೆಯಿರಿ, ಜಾಸ್ತಿ ಹತ್ತಿದ ತುದಿಯನ್ನು ಕತ್ತರಿಸಿ.

ಇಲ್ಲೊಂದು ಎಚ್ಚರಿಕೆ ಬೇಕು. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಬಿಳಿ ಕುಚ್ಚು ಕುಚ್ಚಾದ, ಚುರುಕಾಗಿ ಓಡಾಡುವ ಮರಿಹುಳು ಕಂಡರೆ ಕೊಲ್ಲಬೇಡಿ. ಅದು ತಿಗಣೆಯನ್ನೇ ತಿಂದು ಬದುಕುವ ಗುಲಗಂಜಿ ಹುಳುವಿನ ಮರಿ. ಕ್ರಿಪ್ಟೋಲೀಮಸ್ ಅಂತ ಅದರ ಹೆಸರು. 1898ರಲ್ಲಿ ಕಾಫಿ ಗಿಡಕ್ಕೆ ಚಿಪ್ಪಿನಂತೆ ಅಂಟಿ ರಸ ಹೀರುವ ಶಲ್ಕ ಕೀಟಗಳನ್ನು ಹಿಡಿತಕ್ಕೆ ತರಲು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು. ನೋಡಲು ತಿಗಣೆಯ ಹಾಗೇ ಇರುವುದರಿಂದ ಎಷ್ಟೋ ಮನೆಗಳಲ್ಲಿ ಔಷಧಿಗೆ ಮೊದಲು ಸಾಯುವುದು ಇದೇ. ನನಗೆ ಇದು ಬಹಳ ಬೇಜಾರಿನ ವಿಷಯ.

ಸೂರಕ್ಕಿಗಳು ಬರಲಿ ಅಂತ ಎಲ್ಲರಿಗೂ ಆಸೆ. ಕೆಂಪು ಕೇಪಳ, ಒಂಟಿ ಸುತ್ತಿನ ದಾಸವಾಳ, ರತ್ನಗಂಧಿ ಇದ್ದರೆ ಖಂಡಿತ ಬರುತ್ತವೆ. ಆದರೆ ಅವು ಗೂಡು ಕಟ್ಟಿ ಉಳಿಯಬೇಕಾದರೆ ಹೂ ಒಂದೇ ಸಾಲದು. ಮಕರಂದ ಬೆಳೆದ ಹಕ್ಕಿಯ ಊಟ. ಮರಿಗಳಿಗೆ ತಾಯಿ ತಂದುಕೊಡುವುದು ಹೆಚ್ಚಾಗಿ ಸಣ್ಣ ಹುಳು, ಜೇಡ. ತೂಗಾಡುವ ಆ ಗೂಡನ್ನು ಬಿಗಿಯುವುದೂ ಜೇಡರ ಬಲೆಯ ಎಳೆಯಿಂದಲೇ. ಅದರ ಹೊರಮೈಗೆ ತೊಗಟೆ ಚೂರಿನ ಜೊತೆ ಹುಳುಗಳ ಹಿಕ್ಕೆಯನ್ನೂ ಅಂಟಿಸಿರುತ್ತದೆ! ಹುಳು, ಜೇಡ ಎರಡನ್ನೂ ತೆಗೆದ ತೋಟದಲ್ಲಿ ಅದು ಮರಿ ಸಾಕುವುದು ಹೇಗೆ?

ಕರಿಬೇವು ಅಡುಗೆಗೆ ನೆಟ್ಟಿದ್ದರೂ ಅದನ್ನೂ ಹೂದೋಟದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಪ್ಪುಬಿಳುಪು ಮರಿಹುಳು ಇದ್ದರೆ ಸುಮ್ನೆ ಬಿಡಿ. ಬೆಳೆದಾಗ ಹಸಿರಾಗುತ್ತದೆ, ಆಮೇಲೆ ಚಿಟ್ಟೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಗೆ ಬೇಕಾದದ್ದು ಈಶ್ವರಬಳ್ಳಿ. ಮಲೆನಾಡು, ಕರಾವಳಿ ಕಡೆಯವರು ಬೇಲಿಗೊಂದು ಹಬ್ಬಿಸಿ ನೋಡಿ. ಅದರ ಎಲೆ ವಿಷ, ಮಕ್ಕಳ ಬಾಯಿಗೆ ಹೋಗದಿರಲಿ.

ನಿಮ್ಮ ಗಿಡಗಳಲ್ಲಿ ಕಂಡ ಹುಳುಗಳ ಫೋಟೋ ಫೋನಿನಲ್ಲಿದ್ದರೆ ಈಗ ತೋರಿಸಿ. ಯಾವುದು ಅಂತ ಒಟ್ಟಿಗೆ ಗುರುತಿಸೋಣ.