ಬಕೆಟ್ಟಿನ ನೀರೂ ಭೂಮಿಯ ತಾಪಮಾನವೂ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಹಳೆಯದೊಂದು ಥರ್ಮಾಮೀಟರ್ ತೂಗುತ್ತಿದೆ. ಮಧ್ಯಾಹ್ನ ಎರಡು ಗಂಟೆಗೆ ಅದನ್ನು ನೋಡಿ ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಅಂಗಳದ ಹಲಸಿನ ಮರವನ್ನು ಕಡಿಸಿ, ಸಗಣಿ ಸಾರಿಸುತ್ತಿದ್ದ ನೆಲಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಅಂದಿನಿಂದ ಡೈರಿಯ ಅಂಕಿಗಳು ಮೇಲೇರಿವೆ. ಮಂಗಳೂರಿನ ಸೆಖೆಯೇ ಅಷ್ಟು ಹೆಚ್ಚಿತೆಂದರೆ ತಪ್ಪಾದೀತು. ಸೆಖೆ ಹೆಚ್ಚೇ ಇಲ್ಲ, ಎಲ್ಲವೂ ಇಂಟರ್‌ಲಾಕಿನ ಮಹಿಮೆ ಎಂದರೆ ಅದೂ ತಪ್ಪಾದೀತು. ಯಾವ ಪಾಲು ಊರಿನದು, ಯಾವ ಪಾಲು ಅಂಗಳದ್ದು ಎಂದು ಬಿಡಿಸಬೇಕು. ಭೂಮಿಯ ಸರಾಸರಿ ತಾಪಮಾನದ ಏರಿಕೆಯನ್ನು ಅಳೆಯುವ ವಿಜ್ಞಾನಿಗಳ ನಡುವೆ ದಶಕಗಳಿಂದ ನಡೆದುಬಂದ ಚರ್ಚೆ ಬಹುಮಟ್ಟಿಗೆ ಹೀಗೆ ಬಿಡಿಸುವ ಕೆಲಸದ ಕುರಿತಾದದ್ದು.

ಪಣಂಬೂರು ಕಡಲ ದಡದಲ್ಲಿದೆ, ಬಜಪೆ ಗುಡ್ಡದ ಮೇಲಿದೆ. ಎರಡೂ ಕಡೆ ಹವಾಮಾನ ಇಲಾಖೆಯ ವೀಕ್ಷಣಾಲಯಗಳಿವೆ. ಒಂದೇ ದಿನ ಅಲ್ಲಿಯ ಅಂಕಿಯೂ ಇಲ್ಲಿಯ ಅಂಕಿಯೂ ಒಂದೇ ಆಗಿರಬೇಕೆಂದಿಲ್ಲ. ಆದರೆ ಪ್ರತಿಯೊಂದು ಸ್ಥಳದ ತಾಪಮಾನವನ್ನು ಅದೇ ಸ್ಥಳದ 30 ವರ್ಷಗಳ ಸರಾಸರಿಗೆ ಹೋಲಿಸಿ, ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ನೋಡಿದರೆ, ನೆರೆಯ ಊರುಗಳು ಸಾಮಾನ್ಯವಾಗಿ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಆದ್ದರಿಂದಲೇ ಜಾಗತಿಕ ಲೆಕ್ಕವನ್ನು ನೇರ ತಾಪಮಾನದಲ್ಲಲ್ಲ, ಈ ವ್ಯತ್ಯಾಸಗಳಲ್ಲಿ ಮಾಡುತ್ತಾರೆ. ಒಂದು ಕೇಂದ್ರದ ಅಂಕಿ ಮಾತ್ರ ನೆರೆಯವರ ಸಂಗಡ ಬಿಟ್ಟು ಒಮ್ಮೆಲೇ ಜಿಗಿದರೆ, ಅಲ್ಲಿ ಉಪಕರಣ ಬದಲಾಯಿತೋ, ಥರ್ಮಾಮೀಟರ್ ಇಡುವ ಬಿಳಿ ಪೆಟ್ಟಿಗೆಯನ್ನು ಸರಿಸಿದರೋ, ಓದುವ ಹೊತ್ತು ಬದಲಾಯಿತೋ ಎಂದು ಪರಿಶೀಲಿಸಿ ತಿದ್ದುತ್ತಾರೆ.

ತಿದ್ದುತ್ತಾರೆ ಎಂದೊಡನೆ ಕೆಲವರ ಹುಬ್ಬು ಮೇಲೇರುತ್ತದೆ. ಏರಿಕೆಯನ್ನು ದೊಡ್ಡದು ಮಾಡಿ ತೋರಿಸಲೆಂದೇ ಅಂಕಿಗಳನ್ನು ತಿದ್ದಲಾಗಿದೆ ಎಂಬ ಆಕ್ಷೇಪವನ್ನು ನಾನು ಬಹಳ ಕೇಳಿದ್ದೇನೆ. ಆಕ್ಷೇಪ ಕೇಳತಕ್ಕದ್ದೇ, ಉತ್ತರ ಮಾತ್ರ ಸಮುದ್ರದಲ್ಲಿದೆ. ಭೂಮಿಯ ಮೇಲ್ಮೈಯಲ್ಲಿ ಶೇಕಡಾ 71ರಷ್ಟು ಸಮುದ್ರವೇ ಆಗಿರುವುದರಿಂದ, ಅಲ್ಲಿಯ ನೀರಿನ ಉಷ್ಣತೆಯೇ ಲೆಕ್ಕದ ಸಿಂಹಪಾಲು. ಹಿಂದಿನ ಕಾಲದ ನಾವಿಕರು ಹಗ್ಗ ಕಟ್ಟಿದ ಬಕೆಟ್ಟನ್ನು ಕಡಲಿಗೆ ಇಳಿಸಿ, ನೀರೆತ್ತಿ, ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಅನೇಕ ಹಡಗುಗಳಲ್ಲಿ ಆ ಬಕೆಟ್ ಕ್ಯಾನ್ವಾಸಿನದು. ಘಟ್ಟ ಹತ್ತುವ ಲಾರಿಗಳ ಮುಂದೆ ತೂಗಾಡುತ್ತಿದ್ದ ಕ್ಯಾನ್ವಾಸ್ ಚೀಲದ ನೀರನ್ನು ಕುಡಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಒಳಗಿನ ನೀರು ತಣಿಯುತ್ತದೆ. ಬಕೆಟ್ಟು ಡೆಕ್ಕಿನ ಮೇಲೆ ಬರುವಷ್ಟರಲ್ಲಿ ನೀರು ಕಡಲಿಗಿಂತ ತುಸು ತಣ್ಣಗಾಗಿರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾತ್ರಿ ಡೆಕ್ಕಿನಲ್ಲಿ ದೀಪ ಹಿಡಿದು ನಿಲ್ಲುವುದು ಅಪಾಯವಾಗಿತ್ತು. ಎಂಜಿನ್ ತಂಪಾಗಿಸಲು ಒಳಗೆ ಬರುವ ನೀರನ್ನೇ ಅಳೆಯುವುದು ಹೆಚ್ಚಾಯಿತು. ಆ ನೀರು ಎಂಜಿನ್ ಕೋಣೆಯ ಬಿಸಿಗೆ ತುಸು ಕಾದಿರುತ್ತಿತ್ತು. 1945ರ ಕೊನೆಯಲ್ಲಿ ದಾಖಲೆಯ ತಾಪಮಾನ ಸುಮಾರು 0.3 ಡಿಗ್ರಿ ಕುಸಿದಂತೆ ಕಾಣುತ್ತಿದ್ದುದಕ್ಕೆ ಅಳತೆಯ ಪದ್ಧತಿ ಮತ್ತೆ ಬಕೆಟ್ಟಿನ ಕಡೆಗೆ ಬದಲಾದದ್ದೇ ಕಾರಣವಿರಬೇಕೆಂದು 2008ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದು ತೋರಿಸಿತು.

ಹಳೆಯ ಬಕೆಟ್ಟಿನ ಅಂಕಿಗಳು ತಣ್ಣಗಿದ್ದವೆಂದಾದರೆ ಅವುಗಳನ್ನು ಮೇಲಕ್ಕೆ ತಿದ್ದಬೇಕು. ಹಳೆಯದನ್ನು ಮೇಲಕ್ಕೆತ್ತಿದರೆ ಅಂದಿಗೂ ಇಂದಿಗೂ ಇರುವ ಅಂತರ ಕಿರಿದಾಗುತ್ತದೆ. ಅಂದರೆ ನೆಲ, ಕಡಲು ಎರಡನ್ನೂ ಕೂಡಿಸಿದಾಗ, ತಿದ್ದದ ಅಂಕಿಗಳಿಗಿಂತ ತಿದ್ದಿದ ಅಂಕಿಗಳೇ ದೀರ್ಘಕಾಲದ ಏರಿಕೆಯನ್ನು ಕಡಿಮೆ ತೋರಿಸುತ್ತವೆ. ಆಕ್ಷೇಪಿಸುವವರು ಈ ಒಂದು ಸಂಗತಿಯನ್ನು ಪ್ರಸ್ತಾಪಿಸುವುದೇ ಇಲ್ಲವೆಂಬುದು ನನ್ನ ದೂರು.

ಇನ್ನೊಂದು ಬಗೆಯ ಅನಿಶ್ಚಿತತೆಯಲ್ಲಿ ಉಪಕರಣದ ದೋಷವೇನೂ ಇಲ್ಲ. 1998ರಲ್ಲಿ ಪ್ರಬಲವಾದ ಎಲ್ ನಿನೋ, ಅಂದರೆ ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ, ಇತ್ತು, ಆ ವರ್ಷ ಬಹಳ ಬಿಸಿಯಾಗಿತ್ತು. ಅಲ್ಲಿಂದ 2012ರವರೆಗೆ ಗೆರೆ ಎಳೆದ ಐಪಿಸಿಸಿಯ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿಯ, ಐದನೆಯ ವರದಿಗೆ ದೊರೆತದ್ದು ದಶಕಕ್ಕೆ 0.05 ಡಿಗ್ರಿಯ ಏರಿಕೆ. ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ ಮೈನಸ್ 0.05ರಿಂದ 0.15ರವರೆಗೆ. ಅದೇ ವರದಿಯಲ್ಲಿ 1951ರಿಂದ 2012ರವರೆಗಿನ ಏರಿಕೆ ದಶಕಕ್ಕೆ 0.12 ಡಿಗ್ರಿ, ವ್ಯಾಪ್ತಿ 0.08ರಿಂದ 0.14. ಮೊದಲನೆಯ ವ್ಯಾಪ್ತಿಯಲ್ಲಿ ಸೊನ್ನೆಯೂ, ಅಂದರೆ ಏರಿಕೆಯೇ ಇಲ್ಲದಿರುವ ಸಾಧ್ಯತೆಯೂ, ಸೇರಿಕೊಂಡಿದೆ, ಎರಡನೆಯದರಲ್ಲಿ ಇಲ್ಲ. ಹದಿನೈದು ವರ್ಷ ಚಿಕ್ಕ ಅವಧಿ. ಎಲ್ಲಿಂದ ಎಣಿಸಲು ತೊಡಗಿದೆವು ಎಂಬುದೇ ಅಲ್ಲಿ ಉತ್ತರವನ್ನು ತಿರುಗಿಸಿಬಿಡುತ್ತದೆ. ಮೇಲಾಗಿ ಒಂದು ವರ್ಷದ ಬಿಸಿ ಮರುವರ್ಷಕ್ಕೂ ಉಳಿದುಬರುವುದರಿಂದ, ಹದಿನೈದು ವರ್ಷಗಳ ಅಂಕಿಗಳು ಹದಿನೈದು ಬೇರೆ ಬೇರೆ ಸಾಕ್ಷಿಗಳಲ್ಲ.

2015ರಲ್ಲಿ ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದವರು ಸಮುದ್ರದ ದಾಖಲೆಯನ್ನು ಮರಳಿ ಪರಿಶೀಲಿಸಿದರು. ಕಡಲಲ್ಲಿ ತೇಲುತ್ತ ನೀರಿನ ಉಷ್ಣತೆಯನ್ನು ತಾವೇ ಅಳೆಯುವ ಬೋಯಾಗಳು ಹಡಗುಗಳಿಗಿಂತ ಸುಮಾರು 0.12 ಡಿಗ್ರಿ ಕಡಿಮೆ ತೋರಿಸುತ್ತವೆ. ಬೋಯಾಗಳು ಹೆಚ್ಚಿದಂತೆಲ್ಲ ಏರಿಕೆ ನಿಧಾನವಾದಂತೆ ಭಾಸವಾಗುತ್ತಿತ್ತೆಂದು ಅವರು ವಾದಿಸಿದರು. ಈ ಬಾರಿಯ ತಿದ್ದುಪಡಿ ಏರಿಕೆಯನ್ನು ಹೆಚ್ಚಿಸುವ ಕಡೆಗಿತ್ತು, ಗದ್ದಲವೂ ಆಯಿತು. 2017ರಲ್ಲಿ ಬೇರೊಂದು ತಂಡ ಬೋಯಾಗಳ, ಉಪಗ್ರಹಗಳ, ಕಡಲಲ್ಲಿ ಮುಳುಗುತ್ತ ಏಳುತ್ತ ಅಳೆಯುವ ಆರ್ಗೋ ತೇಲು ಉಪಕರಣಗಳ ಅಂಕಿಗಳನ್ನು ಒಂದರ ಜೊತೆ ಒಂದು ಬೆರೆಸದೆ ನೋಡಿ, ನೋವಾದ ಹೊಸ ಲೆಕ್ಕವೇ ಅವಕ್ಕೆ ಹತ್ತಿರವೆಂದು ಕಂಡುಕೊಂಡಿತು.

ಗಾಳಿಯ ತಾಪವನ್ನು ಅಳೆಯುವ ಉಪಗ್ರಹಗಳೂ ಪ್ರಶ್ನಾತೀತವಲ್ಲ. ವಾತಾವರಣದ ಆಮ್ಲಜನಕ ಸೂಸುವ ಸೂಕ್ಷ್ಮತರಂಗಗಳಿಂದ ಅವು ತಾಪವನ್ನು ಊಹಿಸುತ್ತವೆ. ಕಕ್ಷೆ ಜಾರಿದಂತೆ ಒಂದೇ ಸ್ಥಳವನ್ನು ನೋಡುವ ಹೊತ್ತೂ ಜಾರುತ್ತದೆ. ಉಪಗ್ರಹದ ಅಂಕಿಗಳಿಂದ ತಾಪದ ಲೆಕ್ಕ ಹಾಕುವ, ಅಮೆರಿಕದ ಅಲಬಾಮಾದ ವಿಜ್ಞಾನಿಗಳಾದ ಸ್ಪೆನ್ಸರ್ ಮತ್ತು ಕ್ರಿಸ್ಟಿ ಅವರ ಲೆಕ್ಕದಲ್ಲಿ ಈ ಹೊತ್ತಿನ ತಿದ್ದುಪಡಿ ತಪ್ಪಿದೆಯೆಂದು 2005ರಲ್ಲಿ ಮತ್ತೊಂದು ತಂಡದವರು ತೋರಿಸಿದಾಗ, ಇವರು ಒಪ್ಪಿ ಸರಿಪಡಿಸಿದರು. ಅದರಿಂದ ಏರಿಕೆ ದಶಕಕ್ಕೆ ಸುಮಾರು 0.035 ಡಿಗ್ರಿ ಹೆಚ್ಚಾಯಿತು. ಎರಡು ತಂಡಗಳ ಅಂಕಿಗಳು ಇಂದಿಗೂ ಪೂರ್ತಿ ಹೊಂದುವುದಿಲ್ಲ.

2024ರ ತಾಪಮಾನ 1850–1900ರ ಸರಾಸರಿಗಿಂತ 1.55 ಡಿಗ್ರಿ ಹೆಚ್ಚೆಂದೂ, ಅದರಲ್ಲಿ 0.13 ಆಚೀಚೆ ಇರಬಹುದೆಂದೂ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಆ 0.13 ಮುಖ್ಯವಾಗಿ ಇಂದಿನ ಉಪಕರಣಗಳ ಸಂದೇಹವಲ್ಲ. ಕೇಂದ್ರಗಳು ವಿರಳವಾಗಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಯಾವುದೋ ಹಡಗಿನ ಡೆಕ್ಕಿನ ಮೇಲೆ, ಬಕೆಟ್ಟನ್ನು ನೆರಳಿಗೆ ಸರಿಸಿದನೋ, ಬಿಸಿಲಲ್ಲೇ ಬಿಟ್ಟನೋ ಎಂದು ಬರೆದಿಡದೆ, ಬರೀ ಅಂಕಿಯನ್ನು ಬರೆದುಹೋದ ನಾವಿಕನ ದಿನಚರಿಯಲ್ಲಿ ಅದರ ದೊಡ್ಡ ಪಾಲು ಉಳಿದುಕೊಂಡಿದೆ.

ನಮಸ್ಕಾರ.